ದಂಡೆಯಲ್ಲಿ ಇಂಜಿನ್ ನಿಲ್ಲಿಸುತ್ತಿದ್ದವರು

ಅವರ ಮೀಸೆ ಪೂರ್ತಿ ಬೆಳ್ಳಗಿತ್ತು. ಮೂಗಿನ ಹೊಳ್ಳೆಗಳ ಕೆಳಗೆ ಮಾತ್ರ ಎರಡು ಕರಿ ಗೆರೆಗಳಿದ್ದವು. ದಿನಾ ಸಂಜೆ ಹೊಳೆಯ ಕಲ್ಲಿನ ಮೇಲೆ ಕುಳಿತು ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದರು. ಮರುದಿನ ಬಿಸಿಲು ಏರುವಷ್ಟರಲ್ಲಿ ಗೆರೆಗಳು ಮತ್ತೆ ಮೂಡಿರುತ್ತಿದ್ದವು. ಡೀಸೆಲ್ ಇಂಜಿನ್ನಿನ ಮಗ್ಗುಲಲ್ಲಿ ಕುಳಿತು ಉಸಿರಾಡಿದವರ ಮೀಸೆ ಅದು.

ಅವರನ್ನು ಎಲ್ಲರೂ ಬೋಟಿನ ಕಾಕಾ ಎನ್ನುತ್ತಿದ್ದರು. ವಿಜಾಪುರದಿಂದ ಬಬಲೇಶ್ವರ ದಾಟಿ ದಕ್ಷಿಣಕ್ಕೆ ಹೋದರೆ ಕೃಷ್ಣಾ ಹೊಳೆ ಅಡ್ಡ ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಾವಿದ್ದ ಊರಿಗೆ ಸೇತುವೆ ಇರಲಿಲ್ಲ. ಜನ, ಸೈಕಲ್ಲು, ಆಡು, ಜೋಳದ ಚೀಲ ಎಲ್ಲವನ್ನೂ ಒಂದೇ ಒಂದು ಮೋಟಾರು ಬೋಟು ದಾಟಿಸುತ್ತಿತ್ತು. ಬೋಟು ಗುತ್ತಿಗೆದಾರನದು, ಇಂಜಿನ್ ನಡೆಸುವವರು ಕಾಕಾ. ಅವರ ಊರು ಕಾಖಂಡಕಿ. ಹರೆಯದಲ್ಲಿ ಬಾವಿಗಳಿಂದ ನೀರೆತ್ತುವ ಇಂಜಿನ್ನು ರಿಪೇರಿ ಮಾಡಿಕೊಂಡಿದ್ದವರು.

ನಾನು ತಿಕೋಟಾದ ಮಗಳು. ನಮ್ಮಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಬಗ್ಗಿ ನೋಡುವಂಥದು. ನಮ್ಮವರಿಗೆ ಹೊಳೆದಂಡೆಯ ಸಾಲೆಗೆ ಮಾಸ್ತರಿಕೆ ಬಂದು, ಬೋಟು ನಿಲ್ಲುವ ಕಡೆಯಿಂದ ಇಪ್ಪತ್ತು ಹೆಜ್ಜೆಯಲ್ಲೇ ಬಾಡಿಗೆ ಮನೆ ಸಿಕ್ಕಾಗ, ದೇವರು ಗಂಗವ್ವನನ್ನು ಬಾಗಿಲಿಗೇ ಕಳಿಸಿದ್ದಾನೆ ಎಂದು ಕೈ ಮುಗಿದಿದ್ದೆ. ಗಂಗವ್ವನ ಜೊತೆಗೆ ಹೊಗೆಯೂ ಬಂತು. ಜನ ತುಂಬುವವರೆಗೆ ಬೋಟು ದಂಡೆಯಲ್ಲಿ ಅರ್ಧರ್ಧ ತಾಸು ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುತ್ತಿತ್ತು. ಪಡುವಣ ಗಾಳಿ ಬಿಟ್ಟರೆ ಆ ಹೊಗೆಯೆಲ್ಲ ನಮ್ಮ ಅಡುಗೆಮನೆಯಲ್ಲಿ. ದೇವರ ಜಗುಲಿಯ ಮೇಲಿನ ವಿಭೂತಿಯೂ ಕಂದಿತ್ತು. ಅದನ್ನು ಹೇಗೋ ತಡೆದುಕೊಂಡೇನು. ಆದರೆ ನಾಲ್ಕು ವರ್ಷದ ನನ್ನ ಮಗಳಿಗೆ ಉಬ್ಬಸವಿತ್ತು. ಹೊಗೆ ಒಳಗೆ ಬಂದ ದಿನ ಅವಳ ಪಕ್ಕೆಗಳು ಒಳಗೆ ಹೋಗಿ ಹೊರಗೆ ಬರುವುದನ್ನು ನೋಡುತ್ತ ಕೂಡುವುದೇ ನನ್ನ ಕೆಲಸವಾಗಿತ್ತು.

ಒಂದು ದಿನ ಸಹನೆ ಮುಗಿಯಿತು. ಮಗಳನ್ನು ಸೊಂಟದ ಮೇಲೆ ಹೊತ್ತು ನೇರ ಬೋಟಿಗೇ ಹೋದೆ.

“ಏನ್ರಿ ಕಾಕಾ, ನೀವು ಮಂದೀನ ದಾಟಸಾಕತ್ತೀರೋ, ಸುಡಾಕತ್ತೀರೋ? ಈ ಕೂಸಿನ ಎದಿಗೆ ಕಿವಿ ಹಚ್ಚಿ ಕೇಳ್ರಿ ಒಮ್ಮಿ!”

ಬೈದುಬಿಡುತ್ತಾರೆ ಎಂದುಕೊಂಡಿದ್ದೆ. ಕಾಕಾ ಬೋಟಿನಿಂದ ಇಳಿದರು. ಕೈ ಒರೆಸಿಕೊಂಡು, ಬಗ್ಗಿ, ನಿಜವಾಗಿಯೂ ಅವಳ ಬೆನ್ನಿಗೆ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

“ಈ ಸಪ್ಪಳ ನನಗ ಗೊತ್ತೈತಿ ಬೇ ಯವ್ವಾ,” ಎಂದರು. “ಗಾಳಿ ಸಾಲದಿದ್ರ ಇಂಜಿನ್ನೂ ಹಿಂಗ ಒದ್ದಾಡತೈತಿ.”

ಬೋಟು ಹತ್ತಿ ಇಂಜಿನ್ ಬಂದ್ ಮಾಡಿದರು. ಅಂದಿನಿಂದ ಅದೇ ರೂಢಿಯಾಯಿತು. ಬೋಟು ದಂಡೆ ಮುಟ್ಟಿದ ಕೂಡಲೇ ಇಂಜಿನ್ ನಿಲ್ಲಬೇಕು. ಜನ ತುಂಬಿದ ಮೇಲೆ ಇಬ್ಬರು ಆಳುಗಳು ಬಿದಿರ ಗಳ ಹಾಕಿ ಬೋಟನ್ನು ಒಳನೀರಿಗೆ ನೂಕಬೇಕು. ಅಲ್ಲಿಗೆ ಹೋದ ಮೇಲೆ ಕಾಕಾ ಹ್ಯಾಂಡಲ್ ಹೊಡೆಯುತ್ತಿದ್ದರು. ಆ ಹ್ಯಾಂಡಲ್ ತಿರುಗಿಸುವುದು ಹರೆಯದವರಿಗೂ ಕಷ್ಟ. ಅವರಿಗಾಗಲೇ ಅರವತ್ತರ ಹತ್ತಿರ. ದಿನಕ್ಕೆ ಹತ್ತಾರು ಸಲ ತಿರುಗಿಸಿ ತಿರುಗಿಸಿ ಬಲಭುಜ ಬಾತುಕೊಳ್ಳುತ್ತಿತ್ತು. ಸಂಜೆ ನಾನು ಉಪ್ಪು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದೆ.

ದಂಡೆಯ ಹುಡುಗರು ಬಿಡುತ್ತಾರೆಯೇ? “ಕಾಕಾ, ಹೊಗಿ ಕಾಣ್ಲಿಲ್ಲಂದ್ರ ಬೋಟು ಬಂತು ಅಂತ ಆಚಿ ದಂಡಿ ಮಂದಿಗೆ ಹ್ಯಾಂಗ ಗೊತ್ತಾಗಬೇಕು?”

“ನೀ ಒಂದ ಕೂಗು ಹಾಕಲೇ. ನಿನ್ನ ಬಾಯಿ ನನ್ನ ಸೈಲೆನ್ಸರಿಗಿಂತ ದೊಡ್ಡದೈತಿ.”

ನಿಜ ಹೇಳಬೇಕೆಂದರೆ ಜನಕ್ಕೆ ಹೊಗೆ ಇಷ್ಟವಿತ್ತು. ಕಪ್ಪಗೆ ಹೊಗೆ ಉಗುಳಿದರೆ ಇಂಜಿನ್ ಗಟ್ಟಿ ಎಂಬುದು ಎಲ್ಲರ ನಂಬಿಕೆ. ಕಾಕಾ ಅದನ್ನು ಕೇಳಿ ಅಲ್ಲವೆಂದು ತಲೆ ಆಡಿಸುತ್ತಿದ್ದರು. “ಹೊಗಿ ಅಂದ್ರ ಇಂಜಿನ್ನಿನ ಅಜೀರ್ಣ. ಉಂಡದ್ದು ಮೈಗೆ ಹತ್ತಿದ್ರ ಹೊರಗ ಯಾಕ ಬರತೈತಿ?” ಎನ್ನುತ್ತಿದ್ದರು. ಹೊತ್ತುಕೊಂಡ ಭಾರ ಹೆಚ್ಚಾದರೂ ಹೊಗೆ, ಎಣ್ಣೆಯಲ್ಲಿ ಕಸವಿದ್ದರೂ ಹೊಗೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಅದಕ್ಕೆ ಮಿತಿ ಮೀರಿ ಜನ ಹತ್ತಿದರೆ ಬೋಟು ಬಿಡುತ್ತಿರಲಿಲ್ಲ. ಪ್ರತಿ ಮಂಗಳವಾರ ಎಣ್ಣೆ ಚಿಮ್ಮುವ ನಾಝಲ್ ಬಿಚ್ಚಿ ಮಗುವಿನ ಕಿವಿ ತೊಳೆದ ಹಾಗೆ ತೊಳೆಯುತ್ತಿದ್ದರು. ಪೀಪಾಯಿಯ ಡೀಸೆಲ್ಲನ್ನು ನಾಲ್ಕು ಪದರದ ಬಟ್ಟೆಯಲ್ಲಿ ಸೋಸದೆ ಇಂಜಿನ್ನಿಗೆ ಹಾಕುತ್ತಿರಲಿಲ್ಲ. ಆ ಚಳಿಗಾಲ ನನ್ನ ಮಗಳು ಒಂದು ಬದಿಗೆ ತಿರುಗಿ ಹಾಯಾಗಿ ಮಲಗಿದಳು. ಕೇಳುವವರಿಗೆ ಇದು ಸಣ್ಣ ಸುದ್ದಿ. ನಾನು ದೇವರ ಮುಂದೆ ಐದು ದೀಪ ಹಚ್ಚಿದೆ.

ಗುತ್ತಿಗೆದಾರನಿಗೆ ಇದು ಹಿಡಿಸಲಿಲ್ಲ. ಒಂದು ಸಂತೆಯ ದಿನ ದಂಡೆಯ ಮೇಲೆ ನಿಂತು ಕೂಗಾಡಿದ.

“ಏ ಮುದುಕಾ, ಘಡಿಘಡಿ ಬಂದ್ ಮಾಡಿ ಹ್ಯಾಂಡಲ್ ಹೊಡಕೋತ ಕುಂತ್ರ ಖೇಪ ಕಡಿಮಿ ಆಗ್ತಾವ. ಹೊಳಿ ಮ್ಯಾಲಿನ ಹೊಗಿ ಯಾರ ಮನಿ ಹೊಕ್ಕೈತಿ?”

“ಮಾಸ್ತರ ಮನಿ ಹೊಕ್ಕೈತ್ರಿ ಸಾವ್ಕಾರ್ರ. ಬರ್ರಿ, ತೋರಸ್ತೀನಿ.”

ಸುತ್ತಲಿದ್ದವರು ನಕ್ಕರು. ಗುತ್ತಿಗೆದಾರ ನಗಲಿಲ್ಲ. “ನಿನ್ನ ಆಟ ನಡಸು. ನಡು ಹೊಳ್ಯಾಗ ಒಂದ ಸಲ ಇಂಜಿನ್ ನಿಂತ್ರ, ಅವತ್ತ ಕಾಖಂಡಕಿ ಹಾದಿ ಹಿಡಿ,” ಎಂದು ಹೇಳಿ ಹೋದ.

ನಮ್ಮ ಸಲುವಾಗಿ ಅವರ ಅನ್ನಕ್ಕೆ ಸಂಚಕಾರ ಬರಬಾರದೆಂದು ನನಗೆ ಕಳವಳವಾಯಿತು. ಒಂದು ಖೇಪು ದಾಟಿಸಿ ಇನ್ನೊಂದಕ್ಕೆ ಹೊರಡುವ ನಡುವೆ ಎಣ್ಣೆ ಸೋಸುತ್ತ ಕೂಡಲು ಅವರಿಗೆ ಹೊತ್ತು ಸಾಲುತ್ತಿರಲಿಲ್ಲ. ಆ ಕೆಲಸ ನನಗೆ ಕೊಡಿ ಎಂದೆ. ಮೊದಲು ಒಪ್ಪಲಿಲ್ಲ, ಆಮೇಲೆ ಪೀಪಾಯಿಯನ್ನು ನಮ್ಮ ಕಟ್ಟೆಗೆ ಉರುಳಿಸಿಕೊಂಡು ಬಂದರು. ಬಟ್ಟೆ ಹೇಗೆ ಮಡಿಸಬೇಕು, ಎಣ್ಣೆ ಎಷ್ಟು ಸಣ್ಣಗೆ ಸುರಿಯಬೇಕು, ಕಸ ಇಳಿದಿರುವ ಪೀಪಾಯಿಯ ತಳದ ಎಣ್ಣೆಯನ್ನು ಯಾಕೆ ಮುಟ್ಟಬಾರದು, ಎಲ್ಲ ಕಲಿಸಿದರು. ನಮ್ಮವರ ಹಳೆಯ ಧೋತರ ಹರಿದು ಬಟ್ಟೆ ಮಾಡಿಕೊಂಡೆ. ದಿನಾ ಬೆಳಿಗ್ಗೆ ಒಂದು ಡಬ್ಬಿ ಸೋಸಿ ಇಡುತ್ತಿದ್ದೆ. ಡಬ್ಬಿಯನ್ನು ಅವರೇ ಒಣ ಅರಿವೆಯಿಂದ ಒರೆಸಿ ತಂದಿಡುತ್ತಿದ್ದರು. ಯಾಕೆ ಒರೆಸುತ್ತಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಶ್ರಾವಣದ ಮೊದಲ ಸೋಮವಾರ ಬಂತು. ಆಚೆ ದಂಡೆಯ ಈಶ್ವರ ಗುಡಿಗೆ ಹೋಗುವ ಹೆಣ್ಣುಮಕ್ಕಳು ನಸುಕಿನಿಂದಲೇ ಬುಟ್ಟಿ ಹಿಡಿದು ಕೂತಿದ್ದರು. ನಾನು ಮಡಿಯಲ್ಲಿದ್ದೆ. ದೇವರಿಗೆ ಹೋಗುವವರ ಬೋಟಿಗೆ, ಗಂಗವ್ವನ ಮೈಮೇಲೆ ಸಾಗುವ ಬೋಟಿಗೆ, ಮೈಲಿಗೆ ಡಬ್ಬಿಯಲ್ಲಿ ಎಣ್ಣೆ ಹಾಕುವುದೇ ಎಂದು ಮನಸ್ಸಿಗೆ ಬಂತು. ಡಬ್ಬಿಯನ್ನು ಹೊಳೆಗೆ ಒಯ್ದು, ಕೊಡ ತೊಳೆದ ಹಾಗೆ ಮೂರು ಸಲ ಗಲಬರಿಸಿ ಚೆಲ್ಲಿದೆ. ಸೋಸುವ ಬಟ್ಟೆಯನ್ನೂ ಹಿಂಡಿ, ಒದ್ದೆಯದನ್ನೇ ಹಾಸಿ ಎಣ್ಣೆ ಸುರಿದೆ. ಡಬ್ಬಿಯ ಮೇಲೆ ಒಂದು ಬಿಲ್ವಪತ್ರಿ ಇಟ್ಟು ಕೈ ಮುಗಿದೆ. ಗಡಿಬಿಡಿಯಲ್ಲಿದ್ದ ಕಾಕಾ ಬಂದು, ಪತ್ರಿಯನ್ನು ಕಣ್ಣಿಗೊತ್ತಿಕೊಂಡು, ಡಬ್ಬಿ ಒಯ್ದರು.

ಬೋಟು ನಡುಹೊಳೆಗೆ ಹೋದಾಗ ಇಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗಳ ತಳ ಮುಟ್ಟಲಿಲ್ಲ. ಬೋಟು ಅಡ್ಡ ತಿರುಗಿ ನೀರಿನ ಗುಂಟ ಹೊರಟಿತು. ಹೆಣ್ಣುಮಕ್ಕಳ ಚೀರಾಟ ದಂಡೆಗೂ ಕೇಳುತ್ತಿತ್ತು. ಕಾಕಾ ಹ್ಯಾಂಡಲ್ ಹೊಡೆಯುವುದು, ಬಿಡುವುದು, ಮತ್ತೆ ಹೊಡೆಯುವುದು ನನಗೆ ಕಾಣುತ್ತಿತ್ತು. ನಾನು ಮಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಬಾಯಲ್ಲಿ ಶಿವನಾಮವೂ ಬರಲಿಲ್ಲ. ಕೊನೆಗೆ ತಿರುವಿನಲ್ಲಿದ್ದ ಜಾಲಿಮರಗಳಿಗೆ ಬೋಟು ಸಿಕ್ಕಿಕೊಂಡಿತು. ಎಲ್ಲರೂ ಮುಳ್ಳು ಗೀರಿಕೊಂಡು, ಜೀವಂತವಾಗಿ ದಂಡೆಗೆ ಇಳಿದರು. ಆ ಜಾಲಿಮರಗಳಿಗೆ ನಾನು ಇವತ್ತಿಗೂ ಮನಸ್ಸಿನಲ್ಲಿ ಕುಂಕುಮ ಏರಿಸುತ್ತೇನೆ.

ಕಾಕಾ ಅಲ್ಲೇ ಇಂಜಿನ್ ಬಿಚ್ಚಿ ನೋಡಿದರಂತೆ. ನಮ್ಮ ಕಟ್ಟೆಗೆ ಬಂದಾಗ ಅಂಗೈಯಲ್ಲಿ ಒಂದಿಷ್ಟು ಎಣ್ಣೆ ಇತ್ತು, ಎಣ್ಣೆಯ ಕೆಳಗೆ ನೀರು ಮುತ್ತಿನ ಹಾಗೆ ಓಡಾಡುತ್ತಿತ್ತು. ಒಣಗಲೆಂದು ಹಗ್ಗದ ಮೇಲೆ ಹಾಕಿದ್ದ ಸೋಸುವ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

“ಡಬ್ಬಿ ತೊಳದಿದ್ದೇನು ಬೇ?”

ನಾನು ಹೌದೆಂದು ತಲೆ ಆಡಿಸಿದೆ. ಅವರು ಹಗ್ಗದ ಮೇಲಿನ ಬಟ್ಟೆ ತೆಗೆದು, ಮಡಿಸಿ, ತಮ್ಮ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಗುತ್ತಿಗೆದಾರ ಬಂದ, ಅವನ ಹಿಂದೆ ಊರೇ ಬಂತು.

“ಎಣ್ಣ್ಯಾಗ ನೀರು ಹ್ಯಾಂಗ ಬಂತು? ಯಾರ್ ಸೋಸಿದ್ರು?”

ಮಂದಿ ಕಂಡು ಒಳಗೆ ಸರಿದ ನಾನು ಬಾಗಿಲ ಹಿಂದಿದ್ದೆ. ಹೊರಗೆ ಹೆಜ್ಜೆ ಇಡುವಷ್ಟರಲ್ಲಿ ನಮ್ಮವರು ರಟ್ಟೆ ಹಿಡಿದರು. “ಪೋಲೀಸರ ತನಕ ಹೋದೀತು. ನನ್ನದು ಸರಕಾರಿ ನೌಕರಿ,” ಎಂದು ಕಿವಿಯಲ್ಲಿ ಹೇಳಿದರು. ಕೊಸರಿಕೊಂಡು ಹೋಗಬಹುದಿತ್ತು. ಅಷ್ಟೇನೂ ಬಿಗಿಯಾಗಿ ಅವರು ಹಿಡಿದಿರಲಿಲ್ಲ.

“ಇವತ್ತ ನಾನ ಸೋಸಿದ್ದು,” ಎಂದು ಕಾಕಾ ಹೇಳುವುದು ಕೇಳಿಸಿತು. “ಡಬ್ಬಿ ಒರಸೂದು ಮರತೆ.”

“ಮೂವತ್ತ ವರ್ಷ ಇಂಜಿನ್ ನಡಸಿ ಡಬ್ಬಿ ಒರಸೂದು ಮರತ್ಯಾ? ಥೂ!”

ಕಾಕಾ ಆ ಮಧ್ಯಾಹ್ನದ ಬಸ್ಸಿಗೇ ಕಾಖಂಡಕಿಗೆ ಹೋದರು. ಅವತ್ತು ಒಂದು ತುತ್ತು ಇಳಿಯಲಿಲ್ಲ ನನಗೆ, ಶ್ರಾವಣದ ಉಪವಾಸವೆಂದು ಎಲ್ಲರೂ ತಿಳಿದರು.

ಹೊಸಬ ಬಂದ. ಇಂಜಿನ್ ಮತ್ತೆ ದಂಡೆಯಲ್ಲೇ ಗುಡುಗತೊಡಗಿತು, ಹೊಗೆ ಮತ್ತೆ ಮನೆ ಹೊಕ್ಕಿತು. ಮಗಳ ಪಕ್ಕೆಗಳನ್ನು ನೋಡುತ್ತ ಕೂಡುವ ಕೆಲಸ ನನಗೆ ಮತ್ತೆ ಬಂತು. ಇದು ನನಗೆ ತಕ್ಕ ಶಿಕ್ಷೆಯೇ, ಆದರೆ ಅವಳದೇನು ತಪ್ಪು? ವರ್ಷದೊಳಗೆ ನಮ್ಮವರು ಅವರಿವರ ಕಾಲು ಹಿಡಿದು ವಿಜಾಪುರಕ್ಕೆ ವರ್ಗ ಮಾಡಿಸಿಕೊಂಡರು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮನೆ ಸಿಕ್ಕಿತು. ಟಾಂಗಾ ಬಿಟ್ಟರೆ ಬೇರೆ ಗಾಡಿ ಬರದ ಓಣಿ. ಮಗಳು ಚೇತರಿಸಿಕೊಂಡಳು.

ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಕಾಕಾನನ್ನು ವಿಜಾಪುರದ ದವಾಖಾನೆಗೆ ತಂದಿದ್ದಾರೆ, ಎದೆ ಕೆಟ್ಟಿದೆ ಎಂದು ಕಾಖಂಡಕಿಯ ಕಡೆಯ ಹಾಲಿನವಳು ಹೇಳಿದಳು. ನುಚ್ಚು, ಮಜ್ಜಿಗೆ ಕಟ್ಟಿಕೊಂಡು ಓಡಿದೆ. ಒಂಬತ್ತು ದಿನ ಊಟ ಒಯ್ಯುವ ಭಾಗ್ಯ ಸಿಕ್ಕಿತು. ಮಾತಿಗಿಂತ ಕೆಮ್ಮೇ ಹೆಚ್ಚು. ಮೊದಲ ದಿನ ಅವರು ಕೇಳಿದ್ದು, “ಕೂಸು ಓಡತೈತೇನು?”

“ಓಡ್ತಾಳ್ರಿ ಕಾಕಾ. ಹಿಡಿಯಾಕ ಆಗೂದಿಲ್ಲ.”

ಕಣ್ಣು ಮುಚ್ಚಿ ನಕ್ಕರು. ನಾನು “ಅವತ್ತ ನಾ ಹೊರಗ ಬರಬೇಕಿತ್ತು” ಎಂದು ಶುರು ಮಾಡಿದರೆ ಕೈ ಎತ್ತಿ ತಡೆದರು.

“ಅಡಗಿ ಮನಿಯಾಕಿ ಡಬ್ಬಿ ತೊಳೀದ ಇರ್ತಾಳೇನು? ನೀರಿನ ಮಾತು ನಾ ಹೇಳಬೇಕಿತ್ತು ಬೇ. ಕಲಿಸಿದಾಂವ ನಾನು.”

ಹತ್ತನೆಯ ದಿನ ನಾನು ಹೋಗುವಷ್ಟರಲ್ಲಿ ಮಂಚ ಬರಿದಾಗಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಕಾಖಂಡಕಿಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ಅವರು ದವಾಖಾನೆಯಲ್ಲಿ ಊಟ ತರುವ ಮಾಸ್ತರ ಹೆಂಡತಿ ಎಂದಷ್ಟೇ ಬಲ್ಲರು. ತಾವಾಗಿಯೇ ಮಾತು ತೆಗೆದರು.

“ಬೋಟಿನಿಂದ ಬಂದ ಮ್ಯಾಲ ಇಂಜಿನ್ ಮುಟ್ಟಲೇ ಇಲ್ಲ ತಂಗೀ. ಮಂದಿ ಕರಿಯಾಕ ಬಂದ್ರ, ‘ಡಬ್ಬಿ ಒರಸೂದು ಮರತಾಂವನ್ನ ಯಾಕ ಕರೀತೀರಿ’ ಅಂತಿದ್ರು. ಅವರು ಹ್ಯಾಂಗ ಮರತಾರು? ನೀರು ಕುಡದ ತಂಬಗಿ ಸೈತ ಒರಸಿ ಇಡಾವ್ರು. ಕಡೀತನಾ ನನಗ ತಿಳೀಲಿಲ್ಲ ನೋಡು.”

ಅವರು ಹೆಂಡತಿಗೂ ಹೇಳಿರಲಿಲ್ಲ. ಈ ಸಲ ನನ್ನ ರಟ್ಟೆ ಹಿಡಿಯುವವರು ಯಾರೂ ಇರಲಿಲ್ಲ. ಬಿಲ್ವಪತ್ರಿಯಿಂದ ಹಿಡಿದು ಬಾಗಿಲ ಹಿಂದೆ ನಿಂತಿದ್ದರ ತನಕ ಎಲ್ಲ ಹೇಳಿದೆ. ಹೊರಗೆ ಹೋಗು ಎನ್ನುತ್ತಾರೆಂದು ಸೆರಗು ಸರಿಮಾಡಿಕೊಂಡು ಕುಳಿತೆ.

ಆಕೆ ನೆಟ್ಟಗೆ ಕುಳಿತು, ಒಳಗಿದ್ದ ಸೊಸೆಯನ್ನು ಕೂಗಿದರು.

“ಕೇಳಿದೇನ? ನಿಮ್ಮ ಮಾವ ಮರತಿರಲಿಲ್ಲಂತ.”

ಹೊಳೆದಂಡೆಯ ಜನಕ್ಕೆ ಇದು ಇನ್ನೂ ಗೊತ್ತಿಲ್ಲ. ಇದನ್ನು ನಾನು ಬರೆದದ್ದು ಅವರಿಗಾಗಿ.