ಉರಿಯದ ಕಂದೀಲಿನ ಗಾಜು

ಇಳಿಹೊತ್ತಿನ ಬಿಸಿಲು ಹತ್ತಾರು ಸಂಸಾರಗಳ ನಮ್ಮ ವಾಡೆಯ ಅಂಗಳ ಬಿಟ್ಟು ಮೆಲ್ಲಗೆ ಗೋಡೆಯೇರುವ ವೇಳೆಗೆ ನನ್ನ ಹೆಂಡತಿ ಗೋದಾ ಬಾಗಿಲ ಬಳಿ ಮಣೆ ಹಾಕಿಕೊಂಡು, ಚಿಟಿಕೆ ಒಲೆಬೂದಿ ಮತ್ತು ನನ್ನ ಹಳೆಯ ಧೋತರದ ತುಂಡಿನೊಡನೆ ಕಂದೀಲಿನ ಗಾಜು ಒರೆಸಲು ಕೂಡುತ್ತಾಳೆ. ಒಳಗೊಮ್ಮೆ ಉಸಿರೂದಿ, ಬಟ್ಟೆ ತಿರುವಿ, ಬೆಳಕಿಗೆ ಹಿಡಿದು ನೋಡಿ, ನಮಗಾರಿಗೂ ಕಾಣದ ಯಾವುದೋ ಕಲೆಗಾಗಿ ಮತ್ತೆ ಉಸಿರೂದುತ್ತಾಳೆ. ಆ ಹೊತ್ತಿನಲ್ಲಿ ಅವಳಿಗೆ ಮಾತಿಲ್ಲ. ಗೆಳೆಯರೆ, ಆ ಗಾಜನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಗಬೇಡಿ. ಪುಣೆಯ ಚರ್ಚಾಕೂಟಗಳಲ್ಲಿ, ಎದುರಾಳಿಯ ವಾದ ನಡೆಯಲು ಕಲಿಯುವ ಮುನ್ನವೇ ಅದರ ಕಾಲು ಮುರಿಯುವವನೆಂದು ಹೆಸರಾದವನು ನಾನು. ಸಂಧ್ಯಾವಂದನೆಯನ್ನು ತರ್ಕಬದ್ಧವಾಗಿಯೇ ಬಿಟ್ಟೆ. ಅದು ಫಲದ ಮಾತಾಡುತ್ತದೆ, ಫಲದ ಮಾತಾಡುವುದನ್ನೆಲ್ಲ ಪರೀಕ್ಷಿಸಬಹುದು. ಗೋದಾಳ ಗಾಜಾದರೋ ಏನನ್ನೂ ಪ್ರತಿಪಾದಿಸುವುದಿಲ್ಲ. ಪುಣ್ಯವಿಲ್ಲ, ಸ್ವರ್ಗವಿಲ್ಲ, ಖಂಡಿಸುವುದಾದರೂ ಏನನ್ನು? ನಂಬಿಕೆಯ ಜೊತೆಗೆ ನಾನು ಬಿಸುಟು ಬಂದ ನೆಮ್ಮದಿಯನ್ನು ಇವಳು ಬೂದಿಯಲ್ಲಿ ಹೆಕ್ಕಿಕೊಂಡು ಕೂತಿದ್ದಾಳೆ, ಅದರಲ್ಲಿ ನನಗೆ ಪಾಲಿಲ್ಲ. ಗೆದ್ದು ಬಂದ ವಾದವನ್ನು ಉಬ್ಬಿ ಹೇಳಲು ಹೋದರೆ ಕಣ್ಣೆತ್ತದೆ, "ಸ್ವಲ್ಪ ತಡೀರಿ, ಇದೊಂದು ಆಗಲಿ" ಎನ್ನುತ್ತಾಳೆ.

ಆದ್ದರಿಂದಲೇ ಮನೆಗೆ ವಿದ್ಯುದ್ದೀಪ ಹಾಕಿಸಿದೆ. ಹೆಂಡತಿಯ ಕೈಗೆ ಮಸಿ ತಪ್ಪಿಸಿದ ಗಂಡನೆಂದು ವಾಡೆಯೆಲ್ಲ ನನ್ನನ್ನು ಹೊಗಳಿತು. ಪ್ರತಿಸ್ಪರ್ಧಿಯನ್ನು ಉಪಾಯವಾಗಿ ನಿವೃತ್ತಿಗೊಳಿಸಿದ ಗುಟ್ಟು ನನ್ನಲ್ಲೇ ಉಳಿಯಿತು. ಗುಂಡಿ ಒತ್ತಿದಾಗ ಗೋದಾಳ ಮುಖವೂ ಅರಳಿತು. "ಭಾಳ ಛಲೋ ಆತ್ರಿ, ಇನ್ನ ಅಕ್ಕಿಯೊಳಗಿನ ಹರಳು ಕಾಣತಾವ" ಎಂದಳು. ಮರುದಿನ ಇಳಿಹೊತ್ತಿಗೆ ನೋಡಿದರೆ ಅದೇ ಮಣೆ, ಅದೇ ಬೂದಿ, ಅದೇ ಗಾಜು.

"ಇನ್ನ ಯಾಕ ಅದು? ರಾತ್ರಿ ಹಚ್ಚೋರು ಯಾರು?"

"ಯಾರೂ ಇಲ್ಲ."

"ಮತ್ತ?"

"ನೀವು ದಿನಾ ವಾದ ಮಾಡ್ತೀರಲ್ಲ, ಅದರಿಂದ ಯಾರ ಮನಿಯೊಳಗ ದೀಪ ಹತ್ತತದ?"

ಉತ್ತರಗಳು ಇರಲಿಲ್ಲವೆಂದಲ್ಲ, ಒಂದರ ಹಿಂದೊಂದು ಬಂದು ನಾಲಿಗೆಯ ತುದಿಯಲ್ಲಿ ನಿಂತವು. ಆದರೆ ಅವಳಾಗಲೇ ಗಾಜಿನೊಳಗೆ ಉಸಿರೂದಿ, ಅದು ಮಂಜಾಗಿ ಮತ್ತೆ ತಿಳಿಯಾಗುವುದನ್ನು ನೋಡುತ್ತಿದ್ದಳು. ಎಣ್ಣೆಗೂ ಬತ್ತಿಗೂ ಕತ್ತಲೆಗೂ ಸಂಬಂಧವಿಲ್ಲದ ಏನನ್ನೋ ನಾನು ಒಂದು ಗುಂಡಿ ಒತ್ತಿ ಆರಿಸಲು ಹೊರಟಿದ್ದೆನೆಂಬುದು ಆಗ ಹೊಳೆಯಿತು. ಕಿಚ್ಚು ಮಾತ್ರ ಆರಲಿಲ್ಲ, ಇನ್ನಷ್ಟು ಹೊತ್ತಿತು. ಅಲ್ಲೇ ನಿಂತೆ, ಹೋಗಲೂ ಮನಸ್ಸಿಲ್ಲ, ಕೂಡಲು ಕರೆಯಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅವಳು ಗಾಜಿಲ್ಲದ ಕಂದೀಲನ್ನೂ ಕತ್ತರಿಯನ್ನೂ ನನ್ನತ್ತ ಸರಿಸಿದಳು. "ಹಂಗ ನಿಂತು ಬೆಳಕಿಗೆ ಅಡ್ಡ ಆಗಬ್ಯಾಡ್ರಿ. ಕೂತು ಬತ್ತಿ ಕತ್ತರಸ್ರಿ. ಮಾತು ಬ್ಯಾಡ."

ಕೂತೆ. ಇನ್ನು ಯಾರೂ ಹಚ್ಚದ ಬತ್ತಿಯ ಕರಕು ತುದಿಯನ್ನು ಸೊಟ್ಟಗೆ ಕತ್ತರಿಸಿದೆ, ಸೊಟ್ಟ ತಿದ್ದಲು ಮತ್ತೆ ಕತ್ತರಿಸಿದೆ. ನಾಲಿಗೆಯ ತುದಿಯಲ್ಲಿ ನಿಂತಿದ್ದ ಉತ್ತರಗಳು ಕಾದು ಬೇಸತ್ತು, ಹೇಳದೆ ಕೇಳದೆ ಎದ್ದುಹೋದವು.

ಅಷ್ಟರಲ್ಲಿ ಅಂಗಳದಿಂದ ನನ್ನ ಚರ್ಚಾಕೂಟದ ಗೆಳೆಯ, ಧಾರವಾಡದವನು, ಕೂಗಿದ: "ಬರ್ತೀಯೋ ಇಲ್ಲೋ? ಸಭಾ ಶುರು ಆಗೋ ವ್ಯಾಳ್ಯಾ ಆತು."

ಬಂದು ಬಾಗಿಲಲ್ಲಿ ನಿಂತ ಅವನ ನೆರಳು ನಮ್ಮ ಗಾಜಿನ ಮೇಲೆ ಬಿತ್ತು. ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು. ಈ ಸಲ ಅದು ಉರಿದದ್ದು ಗಾಜಿನ ಪರವಾಗಿ. ಕಣ್ಣೆತ್ತದೆ ಹೇಳಿದೆ:

"ಸ್ವಲ್ಪ ತಡಿಯಪಾ, ಇದೊಂದು ಆಗಲಿ."