ಕೊಳವಿಯಲ್ಲಿ ಹಾವು, ಕೈಯಲ್ಲಿ ದಾರ

ಪ್ಲೇಗಿನ ಅಂಜಿಕೆಗೆ ಇಳಕಲ್ಲಿನ ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಅದು. ನಮ್ಮ ಮಗ್ಗ ಊರೊಳಗೇ ಉಳಿಯಿತು. ಸುಮ್ಮನೆ ಕೂತಿದ್ದ ನಮ್ಮ ಮನಿಯವರನ್ನು, ಗುಡ್ಡದ ಹಾವುಗಳ ಅಳತೆ ತಗೊಳ್ಳಲು ಬಂದು ಡೇರೆ ಹಾಕಿದ್ದ ಸಾಹೇಬರೊಬ್ಬರು ಕೆಲಸಕ್ಕೆ ಕರೆದರು. ಹಾವು ಕೊಲ್ಲುವಂತಿಲ್ಲ, ಜೀವಂತ ಅಳೆದು, ಹಿಡಿದಲ್ಲೇ ಬಿಡಬೇಕು.

ಒಂದು ತುದಿ ಮುಚ್ಚಿದ ಬಿದಿರಿನ ಕೊಳವಿಯೊಳಗೆ ಹಾವು ತಾನಾಗಿ ತಲೆ ತೂರಿಸುತ್ತದೆ. ತಲೆ ಮುಚ್ಚಿದ ತುದಿಗೆ ತಾಗಿ ಅರ್ಧ ಮೈ ಒಳಹೊಕ್ಕ ಮೇಲೆ ಕೊಳವಿಯ ಬಾಯಿಯನ್ನೂ ಮೈಯನ್ನೂ ಸೇರಿಸಿ ಒಂದು ಮುಷ್ಟಿಯಲ್ಲಿ ಹಿಡಿಯಬೇಕು. ಆ ಇಕ್ಕಟ್ಟಿನಲ್ಲಿ ಅದು ತಿರುಗಲಾರದು. ಮುಚ್ಚಿದ ತುದಿಗೆ ಕಟ್ಟಿದ ದಾರವನ್ನು ಇನ್ನೊಂದು ಕೈಯಿಂದ ಬಾಲದ ತನಕ ಎಳೆದು, ಬಾಲ ಮುಗಿದಲ್ಲಿ ಗಂಟು ಹಾಕಬೇಕು; ಆ ಗಂಟೇ ಹಾವಿನ ಅಳತೆ. ಹಿಡಿದ ಕೈ ಮಾತ್ರ ಸಡಿಲಾಗಬಾರದು. ಬುತ್ತಿ ಒಯ್ದಾಗೆಲ್ಲ ನಾನು ದೂರ ಕೂತು ಆ ಕೈಯನ್ನೇ ನೋಡುತ್ತಿದ್ದೆ.

ಒಂದು ದಿನ ಸಿಕ್ಕಿದ್ದು ಕೊಳಕಮಂಡಲ, ಭಾರಿ ವಿಷದ ಹಾವು. ಕೊಳವಿಯೊಳಗೆ ಕಮ್ಮಾರರ ತಿದಿ ಊದಿದಂತೆ ಬುಸುಗುಡುತ್ತಿತ್ತು. ಅಷ್ಟರಲ್ಲಿ ದಾರದ ತುದಿ ಬಿಚ್ಚಿ ಎಳೆಎಳೆಯಾಯಿತು. ನೇಕಾರರ ಕೈ, ಎಳೆ ಬಿಚ್ಚಿದರೆ ತಡೆಯದು. ಬೆರಳು ತುಟಿಗೆ ತಗಲಿಸಿ ಎರಡೂ ಕೈಯಿಂದ ಹೊಸೆಯಬೇಕು. ಹಾವು ಹಿಡಿದ ಕೈ ಬಿಟ್ಟು ಬಂತು.

"ಕೈರಿ, ಕೈ," ಅಂದೆ.

ಅವರು ನೋಡುವಷ್ಟರಲ್ಲಿ ಹಾವು ಹಿಂದಕ್ಕೆ ಸರಿದು ತಲೆ ಹೊರಗೆ ತಂದಿತ್ತು. ಕೊಳವಿ ಒಗೆದು ಹಿಂದೆ ಜಿಗಿದರು. ಹಾವು ಕಲ್ಲಿನ ಸಂದಿಗೆ ಹೋಯಿತು. ಅವರ ಹೆಬ್ಬೆರಳಿನ ಮೇಲೆ ಕೆಂಪು ಗೀರು.

"ಕಚ್ಚೇತೇನ್ರಿ?"

"ಬಿದಿರು ತರಚೇತಿ."

"ಖರೆ ಹೇಳ್ರಿ."

"ಹಾವು ಕಚ್ಚಿದ್ರ ರೊಟ್ಟಿ ಕೇಳ್ತಿದ್ನೇನ?"

ಅವರು ಉಂಡರು. ನಾನು ಹೊತ್ತು ಇಳಿಯುವ ತನಕ ಆ ಬೆರಳನ್ನು ಒತ್ತಿ ಒತ್ತಿ ನೋಡಿದೆ. ಬಾವು ಬರಲಿಲ್ಲ. ಆದರೂ ನನ್ನ ಅಂಜಿಕೆ ಹೋಗಲಿಲ್ಲ.

"ನಾಳೆ ಹೋಗಬ್ಯಾಡ್ರಿ," ಅಂದೆ.

"ಮಗ್ಗ ಇಲ್ಲ. ಇದೂ ಬ್ಯಾಡಂದ್ರ ಏನು, ನಿನ್ನ ಮಾರಿ ನೋಡ್ಕೋತ ಕೂಡ್ಲೇನು?"

"ಹಂಗಾರ ದಾರ ನನ್ನ ಕೈಯಾಗ ಕೊಡ್ರಿ. ನೀವು ಎರಡೂ ಕೈಲೆ ಹಾವು ಹಿಡೀರಿ."

"ಹಲ್ಲಿ ಕಂಡ್ರ ಚೀರಾಕಿ ನೀ."

"ಚೀರ್ಕೋತನ ಗಂಟು ಹಾಕ್ತೇನಿ."

ಮರುದಿನ ಮತ್ತೊಂದು ಕೊಳಕಮಂಡಲ. ಅವರ ಎರಡೂ ಕೈ ಕೊಳವಿಯ ಬಾಯಿಯ ಮೇಲಿದ್ದವು. ನಾನು ದಾರದ ತುದಿ ಎಂಜಲಿನಿಂದ ಹೊಸೆದು ಬಾಲದ ತನಕ ತಂದೆ. ಬಾಲ ತಣ್ಣಗೆ ನನ್ನ ಬೆರಳಿಗೆ ಸುತ್ತಿಕೊಂಡಿತು. ಗಂಟೇನೋ ಬಿತ್ತು, ಬಾಲ ದಾಟಿ ಒಂದು ಬೆರಳಿನಷ್ಟು ಆಚೆ. ಸಾಹೇಬರು ಬಗ್ಗಿ ನೋಡಿ ಇದಾಗದು ಎಂಬಂತೆ ತಲೆಯಾಡಿಸಿದರು.

"ನಾ ಕೈ ಬಿಡಂಗಿಲ್ಲ," ಅಂದರು ನಮ್ಮ ಮನಿಯವರು. "ಸಾವಕಾಶ ಮಾಡು."

ನಾನು ಗಂಟು ಬಿಚ್ಚತೊಡಗಿದೆ.