ನಿಂತ ಕಲ್ಲು, ಮಲಗಿದ ಕಲ್ಲು

ದೀಪಾವಳಿ ಬಂದರೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಪಟಾಕಿ ಸುಟ್ಟ ವಾಸನೆ ಕಿಟಕಿಯಿಂದ ನುಗ್ಗುತ್ತದೆ. ಎಲ್ಲರಿಗೂ ಅದು ಹಬ್ಬದ ವಾಸನೆ, ನನಗೆ ಅಪ್ಪನ ಅಂಗಿಯದು. ರಾಮದುರ್ಗದ ಹೊರಗೆ ಗುಡ್ಡದ ಬುಡದಲ್ಲಿ ನಮ್ಮ ಮನೆಯಿತ್ತು. ಹಿತ್ತಲು ದಾಟಿದರೆ ಅಪ್ಪನ ಕಲ್ಲಿನ ಖಣಿ. ಮದ್ದು ಹಾರಿಸುವ ಮೊದಲು ಅವನು ಸೀಟಿ ಊದುತ್ತಿದ್ದ. ಅದು ಕೇಳಿದ್ದೇ ತಡ, ಅಜ್ಜಿ ನೆಲುವಿನ ಗಡಿಗೆಗಳನ್ನು ಇಳಿಸಿ, ನನ್ನನ್ನು ಎಳೆದು ಬಾಗಿಲ ಹಿಂದೆ ಕೂರಿಸುತ್ತಿದ್ದಳು. ನೆಲ ನಡುಗಿ ಮಾಳಿಗೆಯ ಮಣ್ಣು ರೊಟ್ಟಿಯ ಮೇಲೆ ಉದುರುತ್ತಿತ್ತು. ಒರೆಸಿಕೊಂಡು ತಿನ್ನುತ್ತಿದ್ದೆವು. ಸೋಮವಾರ ಮಾತ್ರ ಮನೆ ತಣ್ಣಗಿರುತ್ತಿತ್ತು. ಅದು ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಪ್ಪ ಆ ರಜೆಯನ್ನು ಕಲ್ಲಿಗೂ ಕೊಟ್ಟಿದ್ದ.

ಅಪ್ಪ ಕಲ್ಲು ಒಡೆಯುವವನಾದರೆ ಅವನ ತಮ್ಮ, ನಮ್ಮ ಕಾಕಾ, ಕಲ್ಲು ಓದುವವನು. ಸವದತ್ತಿಯಲ್ಲಿ ಕಾಲೇಜು ಹುಡುಗರಿಗೆ ಭೂಗೋಳ ಕಲಿಸುತ್ತಿದ್ದ. ಖಣಿಯ ಮೂಲೆಯಲ್ಲೊಂದು ಕಲ್ಲಿನ ಗೋಡೆ ಅವನ ಪ್ರಾಣ. ಅದರ ಕೆಳಭಾಗದಲ್ಲಿ ಪದರುಗಳು ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿದ್ದವು. ಸವೆದ ಅವುಗಳ ನೆತ್ತಿಯ ಮೇಲೆ ಬೇರೊಂದು ಕಲ್ಲು ಅಡ್ಡ ಮಲಗಿತ್ತು. ಯಾಕೆ ಹಾಗೆ ಎಂದು ನಾನು ಕೇಳಿದ್ದಕ್ಕೆ ಒಂದು ಸಂಜೆ ಪಡಸಾಲೆಯಲ್ಲಿ ಕೌದಿ ಹಾಸಿದ. "ಇತ್ಲಾಕಡಿಂದ ನೀ ನೂಕವ್ವಾ, ಅತ್ಲಾಕಡಿಂದ ನಾ ನೂಕತೇನಿ." ಕೌದಿ ನಡುವೆ ಮಡಚಿಕೊಂಡು ಎದ್ದು ನಿಂತಿತು. "ಹಿಂಗ ನೆಲಕ್ಕ ನೆಲ ಗುದ್ದಿ ಗುಡ್ಡ ಏಳತಾವು. ಭೂಮಿ ಮ್ಯಾಲಿನ ನೆಲಾ ಎಲ್ಲಾ ಕೂಡಿ ಒಂದ ದೊಡ್ಡ ಖಂಡ ಆಗೂ ಹೊತ್ತಿನ್ಯಾಗ ನಮ್ಮ ಕಲ್ಲೂ ಎದ್ದು ನಿಂತಿರಬೇಕು ಅಂತಾರ. ಇನ್ನೂ ವಾದ ನಡದೈತಿ." ಗುಡ್ಡ ಸವೆದು ಬುಡ ಉಳಿಯಿತಂತೆ, ಅದರ ಮೇಲೆ ಮರಳು ಕೂತು ಕಲ್ಲಾಯಿತಂತೆ, ಆ ದೊಡ್ಡ ಖಂಡವೂ ಹೋಳುಹೋಳಾಯಿತಂತೆ. ಆ ಗುದ್ದಾಟಕ್ಕೆ ಉಳಿದ ಸಾಕ್ಷಿ ಈ ನಿಂತ ಕಲ್ಲು ಎಂದ. ಕೌದಿ ಹರಿಯುತ್ತದೆಂದು ಅಜ್ಜಿ ಇಬ್ಬರನ್ನೂ ಗದರಿದಳು.

ಖಣಿ ಒಡೆಯುತ್ತ ಒಡೆಯುತ್ತ ಅಪ್ಪ ಆ ಗೋಡೆಯ ತನಕ ಬಂದ. ಒಂದು ರವಿವಾರ ಊಟದ ನಡುವೆ ಕಾಕಾ ಕೈಮುಗಿದ. "ಅಣ್ಣಾ, ಅದೊಂದ ಗ್ವಾಡಿ ಬಿಡು. ಉಳದದ್ದೆಲ್ಲಾ ಒಡಕೋ."

"ನಿನ್ನ ಗ್ವಾಡಿ ಹೊಟ್ಟಿಗಿ ಹಾಕತೈತೇನು?"

ಕಾಕಾ ತಾಟು ಒದ್ದ. ಅಪ್ಪ ಅವನ ಕಪಾಳಕ್ಕೆ ಬಾರಿಸಿದ. ಇಬ್ಬರೂ ಕೊರಳಪಟ್ಟಿ ಹಿಡಿದು ಚೆಲ್ಲಿದ ಸಾರಿನಲ್ಲಿ ಉರುಳಾಡಿದರು. ಬಿಡಿಸಲು ಹೋದ ಅಜ್ಜಿಯ ತುಟಿ ಒಡೆದು ರಕ್ತ ಬಂತು. ಆ ಇಬ್ಬರ ಮೇಲೂ ನನಗೆ ಇಂದಿಗೂ ಸಿಟ್ಟಿದೆ.

ಮರುದಿನ ಸೋಮವಾರ. ಕಾಲೇಜಿಗೆಂದು ಹೊರಟ ಕಾಕಾ, ಇವತ್ತು ಮದ್ದು ಹಾರುವುದಿಲ್ಲವೆಂಬ ಧೈರ್ಯದ ಮೇಲೆ, ಗೋಡೆಯ ಚಿತ್ರ ಬರೆದುಕೊಳ್ಳಲು ಹಿಂದಿನ ದಾರಿ ಹಿಡಿದ. ತಮ್ಮ ಬಸ್ಸು ಹತ್ತಿದ್ದಾನೆ, ಬರುವುದರೊಳಗೆ ಮುಗಿಸಿಬಿಡುತ್ತೇನೆ ಎಂದುಕೊಂಡ ಅಪ್ಪ, ಮೊದಲೇ ಕೊರೆದಿಟ್ಟ ಕುಳಿಗಳಿಗೆ ಮೇಲಿನಿಂದ ಮದ್ದು ತುಂಬಿದ. ಕೆಳಗೆ ಕಲ್ಲಿನ ಮರೆಯಲ್ಲಿ ಕಾಕಾ ಕುಳಿತಿದ್ದ. ಸೀಟಿ ಕೇಳಿದರೆ ಅಜ್ಜಿ ಅಡ್ಡ ಬಂದಾಳೆಂದು ಅಪ್ಪ ಸೀಟಿ ಊದಲಿಲ್ಲ. ನೆಲುವಿನ ಗಡಿಗೆಗಳೆಲ್ಲ ಒಮ್ಮೆಲೇ ಬಿದ್ದು ಚೂರಾದವು. "ಇವತ್ತ ಸೋಮಾರ ಅಲ್ಲೇನ?" ಎಂದಳು ಅಜ್ಜಿ, ಗಡಿಗೆಯಿಂದ ಚೆಲ್ಲಿದ ಹಾಲಿನ ನಡುವೆ ನಿಂತು. ಆಮೇಲೆ ಅಪ್ಪ ತಮ್ಮನನ್ನು ಹೊತ್ತು ತಂದ. ಕಾಕಾನ ಸೊಂಟದಿಂದ ಕೆಳಗೆ ತನ್ನ ಧೋತರ ಸುತ್ತಿದ್ದ, ಅದರಿಂದ ರಕ್ತ ಸೋರುತ್ತಿತ್ತು. "ಅಲ್ಲ್ಯಾಕ ಹೋಗಿದ್ಯೋ, ಅಲ್ಲ್ಯಾಕ ಹೋಗಿದ್ಯೋ" ಎಂದು ಸತ್ತವನ ಕೆನ್ನೆಗೆ ಹೊಡೆಯುತ್ತಲೇ ಇದ್ದ. ನಾಲ್ಕು ಜನ ಸೇರಿ ಅವನ ಕೈ ಹಿಡಿಯಬೇಕಾಯಿತು.

ಪೊಲೀಸರು, ಕೋರ್ಟು ಎಲ್ಲ ಮುಗಿದ ಮೇಲೆ ಅಪ್ಪ ಖಣಿ ಮುಚ್ಚಿದ. ಅಜ್ಜಿ ಸಾಯುವ ತನಕ ಅವನಿಗೆ ರೊಟ್ಟಿ ಬಡಿದು ಹಾಕಿದಳು, ಮಾತಾಡಲಿಲ್ಲ. ಈಗ ಆ ಮನೆ ಮಣ್ಣಿನ ದಿಬ್ಬ, ಅಪ್ಪನೂ ಇಲ್ಲ. ಅವನು ಹೋಗುವ ಹಿಂದಿನ ವರ್ಷ, ಅರ್ಧ ಉಳಿದ ಆ ಗೋಡೆ ನೋಡಲು ಯಾವುದೋ ಕಾಲೇಜಿನ ಹುಡುಗರು ಬಂದಿದ್ದರು. ಅಪ್ಪ ಕೋಲೂರಿಕೊಂಡು ನನ್ನ ಜೊತೆ ಅಲ್ಲಿಗೆ ಬಂದ. ಅವರ ಮೇಡಂ ಕಾಕಾ ಹೇಳಿದ್ದನ್ನೇ ಹೇಳುತ್ತಿದ್ದರು. ಒಬ್ಬ ಹುಡುಗಿ ಚೂಪಾಗಿ ಮುರಿದ ಅಂಚನ್ನು ಮುಟ್ಟಿ ಕೇಳಿದಳು, "ಇದೂ ಆವಾಗ ಒಡದದ್ದೇನ್ರಿ, ಮೇಡಂ?"

ಮೇಡಂ ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ, "ಅಲ್ಲವ್ವಾ. ಇದನ್ನ ನಾ ಒಡದೇನಿ. ಕೆಳಗ ನನ್ನ ತಮ್ಮ ಕುಂತಿದ್ದ."